ಗ್ರಿಡ್ ಹಾಕಿ ಬಿಡಿಸೋದಾ, ಎದುರಿಗಿಟ್ಕೊಂಡು ಬಿಡಿಸೋದಾ? ಎರಡೂ ಮಾಡಿ ನೋಡಿದ್ದು

ಡ್ರಾಯಿಂಗ್ ಈಗಷ್ಟೇ ಶುರು ಮಾಡೋರು ತುಂಬಾ ಜನ ಕೇಳೋದು ಇದೇ, ಫೋಟೋ ಮೇಲೆ ಗ್ರಿಡ್ (ಅಂದ್ರೆ ಅಡ್ಡ-ಉದ್ದ ಗೆರೆಯ ಚೌಕಗಳು) ಹಾಕಿ ಕಲೀಲಾ ಅಥವಾ ಯಾವುದಾದ್ರೂ ವಸ್ತು ಎದುರಿಗಿಟ್ಕೊಂಡು ಬಿಡಿಸ್ಲಾ ಅಂತ. ನಾನು ಮೂರು ತಿಂಗಳು ಅದು, ಮೂರು ತಿಂಗಳು ಇದು ಮಾಡಿದೀನಿ.

ಮೊದಲು ಗ್ರಿಡ್. ಅಜ್ಜಿದೊಂದು ಹಳೇ ಫೋಟೋ 10 ಬೈ 15 ಸೆಂಟಿಮೀಟರ್ ಪ್ರಿಂಟ್ ಹಾಕಿಸಿ ಅದರ ಮೇಲೆ 1 ಸೆಂಟಿಮೀಟರ್ ಚೌಕ, ಡ್ರಾಯಿಂಗ್ ಶೀಟ್ ಮೇಲೆ 2 ಸೆಂಟಿಮೀಟರ್ ಚೌಕ, ಒಂದೊಂದು ಮನೇಲೂ ಗೆರೆ ಎಲ್ಲಿ ಹೊಕ್ಕು ಎಲ್ಲಿ ಹೊರಗೆ ಬರುತ್ತೆ ನೋಡ್ಕೊಂಡು ಇಳಿಸ್ತಾ ಹೋದೆ, ಎರಡು ಭಾನುವಾರದಲ್ಲಿ ಅಜ್ಜಿ ಮುಖ ಬಂದೇ ಬಿಡ್ತು. ಅಮ್ಮ ಅದಕ್ಕೆ ಫ್ರೇಮ್ ಹಾಕಿಸಿ ಹಾಲಲ್ಲಿ ನೇತು ಹಾಕಿದ್ರು. ಆ ಖುಷಿ ಸಣ್ಣದಲ್ಲ, ಅರ್ಧಕ್ಕೇ ಕೈಬಿಡೋರಿಗೆ ಅದೇ ದೊಡ್ಡ ಆಸರೆ. ಆದ್ರೆ ಅಕ್ಕನ ಮಗಳು ಅಡುಗೆಮನೆ ಚೊಂಬು ತಂದಿಟ್ಟು "ಮಾಮ, ಇದನ್ನ ಬಿಡಿಸು" ಅಂದಾಗ ಚೌಕ ಇಲ್ದೆ ಕೈ ಓಡಲೇ ಇಲ್ಲ.

ಯಾಕಂದ್ರೆ ಚೌಕ ಇರೋದು ಚಿತ್ರ ದೊಡ್ಡದು ಮಾಡೋಕೆ. ಸಿನಿಮಾ ಬ್ಯಾನರ್‌ಗಳನ್ನ ಕೈಯಲ್ಲೇ ಬರೀತಿದ್ದ ಕಾಲದಲ್ಲಿ ಸ್ಟಿಲ್ ಫೋಟೋಗೆ ಚೌಕ ಹಾಕಿ ದೊಡ್ಡದು ಮಾಡೋದು ಇತ್ತು, ಆದ್ರೆ ಆ ಕಲಾವಿದರಿಗೆ ಕಣ್ಣಳತೆ ಮೊದಲೇ ಕೂತಿತ್ತು. ನಮಗೆ ಬೇಕಾಗಿರೋದೇ ಅದು.

ಹಾಗಾಗಿ ಅದೇ ಚೊಂಬು ಹಿಡ್ಕೊಂಡೆ, ದಿನಾ ಬೆಳಿಗ್ಗೆ 20 ನಿಮಿಷ, ಅದೇ ಕಿಟಕಿ, ಅದೇ ಜಾಗ (ತಲೆ ಸ್ವಲ್ಪ ಸರಿದ್ರೂ ಅಂಚು ಬದಲಾಗುತ್ತೆ, ಫೋಟೋದಲ್ಲಿ ಈ ಕಷ್ಟ ಇಲ್ಲ). ಮೊದಲ ವಾರ ಬಾಯಿಯ ಎರಡೂ ತುದಿ ಚೂಪಾಗಿ ಬರ್ತಿತ್ತು, ತಳ ಮಾತ್ರ ನೇರ ಗೆರೆ, ಟೇಬಲ್ ಮೇಲೆ ಚಪ್ಪಟೆಯಾಗಿ ಕೂತಿದೆ ಅಂತ ತಲೆಗೆ ಗೊತ್ತಲ್ಲ, ಕೈ ಅದನ್ನೇ ಬರೀತಿತ್ತು. ನಿಜವಾಗಿ ನೋಡಿದ್ರೆ ತುದಿಗಳು ದುಂಡಗೆ ತಿರುಗುತ್ತೆ, ತಳದ ಬಾಗು ಬಾಯಿಗಿಂತ ಜಾಸ್ತಿನೇ ಇರುತ್ತೆ, ಅದು ಕಣ್ಣಿಂದ ಇನ್ನೂ ಕೆಳಗಿದೆ. ಒಂದು ಲೋಟ ಕಣ್ಣಿನ ಸಮಕ್ಕೆ ಹಿಡೀರಿ, ಬಾಯಿ ಬರೀ ಗೆರೆ. ನಿಧಾನ ಇಳಿಸಿ, ಅರಳ್ತಾ ಬರುತ್ತೆ. ಇದನ್ನ ಯಾವ ಚೌಕವೂ ನನಗೆ ತೋರಿಸಿರಲಿಲ್ಲ.

ಅಳತೆಗೆ ತೋಳು ನೆಟ್ಟಗೆ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಮೇಲೆ ಹೆಬ್ಬೆರಳಿಟ್ಟು ಅಗಲ ಹಿಡಿದು ಎತ್ತರಕ್ಕೆ ಎಷ್ಟು ಸಲ ಬರುತ್ತೆ ಎಣಿಸಿ. ಮೊಣಕೈ ಮಡಚಿದ್ರೆ ಅಳತೆ ಕೆಟ್ಟಂಗೆ.

ಸಾಮಾನು ಬಗ್ಗೆ ಜಾಸ್ತಿ ತಲೆಕೆಡಿಸ್ಕೋಬೇಡಿ. ಗ್ರಿಡ್‌ಗೆ ಒಳ್ಳೇ ಶೀಟು, ಎಚ್‌ಬಿ ಪೆನ್ಸಿಲ್, ರಬ್ಬರ್ ಬೇಕು, ಗೆರೆ ಒತ್ತಿ ಹಾಕಿದ್ರೆ ಅಳಿಸಿದ ಮೇಲೂ ಗುರುತು ಉಳಿಯುತ್ತೆ. ಚೊಂಬಿಗೆ ಮಾಮೂಲಿ ಜೆರಾಕ್ಸ್ ಪೇಪರ್, ಬಾಲ್ ಪೆನ್ ಸಾಕಾಯ್ತು, ತಪ್ಪು ಗೆರೆ ಅಲ್ಲೇ ಇರುತ್ತೆ, ಅದರ ಪಕ್ಕದಲ್ಲೇ ಸರಿಯಾದ್ದು ಹಾಕೋದು.

ಸಮಯ ಕಮ್ಮಿ ಇದೆ, ಒಬ್ಬರ ಮುಖ ಬಿಡಿಸಿ ಗಿಫ್ಟ್ ಕೊಡ್ಬೇಕು ಅಂದ್ರೆ ಗ್ರಿಡ್ ಹಾಕಿ, ತಪ್ಪೇನಿಲ್ಲ. ಕಲಿಯೋಕೆ ಅಂದ್ರೆ ಚೊಂಬೇ. ಈಗ ನಾನು ಫೋಟೋ ನೋಡಿ ಬಿಡಿಸಿದ್ರೂ ಮೊದಲು ಕಣ್ಣಳತೇಲಿ ಪೂರ್ತಿ ಮುಗಿಸಿ, ಆಮೇಲೆ ಎರಡರ ಮೇಲೂ ಚೌಕ ಎಳೆದು ಎಲ್ಲಿ ಜಾರಿದೀನಿ ನೋಡ್ತೀನಿ. ಹೋದ ವಾರದ್ದರಲ್ಲಿ ಎಡಗಣ್ಣು ಅರ್ಧ ಚೌಕ ಮೇಲೆ ಹೋಗಿತ್ತು.