18 ಮೈಲಿ ಆಚೆ ಐಎಲ್‌ಎಸ್ ಸಿಗಲ್ಲ: ನಾನು ಮಾಡಿ ನೋಡಿದ ಮೂರು ದಾರಿ

ಐಎಲ್‌ಎಸ್ ಅಂದರೆ ವಿಮಾನವನ್ನು ರನ್‌ವೇಗೆ ಇಳಿಸಲು ದಾರಿ ತೋರಿಸುವ ರೇಡಿಯೋ ವ್ಯವಸ್ಥೆ. ವಿಮಾನ ಹಾರಿಸುವ ಸಿಮ್ಯುಲೇಟರ್‌ನಲ್ಲಿ ರನ್‌ವೇ ಇನ್ನೂ 30 ನಾಟಿಕಲ್ ಮೈಲಿ ದೂರ ಇರುವಾಗಲೇ ಅದರ ಫ್ರೀಕ್ವೆನ್ಸಿ ಹಾಕಿ, ಗೆರೆ ತೋರಿಸುವ ಮುಳ್ಳು ಯಾವಾಗ ಅಲ್ಲಾಡುತ್ತೋ ಅಂತ ಕಾಯುತ್ತಾ ಕೂರುತ್ತಿದ್ದೆ. ಅಲ್ಲಾಡುತ್ತಿರಲಿಲ್ಲ. ಸಿಗ್ನಲ್ ಇಲ್ಲ ಅಂತ ಹೇಳುವ ಕೆಂಪು ಫ್ಲ್ಯಾಗ್ ಹಾಗೇ ಇರುತ್ತಿತ್ತು. ಸಾಫ್ಟ್‌ವೇರೇ ಕೆಟ್ಟಿದೆ ಅಂದುಕೊಂಡು ಎರಡು ಸಲ ಮತ್ತೆ ಇನ್‌ಸ್ಟಾಲ್ ಕೂಡ ಮಾಡಿದೆ, ಸುಮ್ನೆ.

ಅಮೆರಿಕದ ಲೆಕ್ಕದಲ್ಲಿ ನಿಜವಾದ ಲೋಕಲೈಸರ್‌ಗೇ (ಐಎಲ್‌ಎಸ್‌ನಲ್ಲಿ ಎಡ-ಬಲ ತೋರಿಸುವ ಭಾಗ) ಖಾತ್ರಿ ಇರುವುದು 18 ಮೈಲಿವರೆಗೆ, ಅದೂ ಮಧ್ಯದ ಗೆರೆಯಿಂದ 10 ಡಿಗ್ರಿಯೊಳಗೆ ಇದ್ದರೆ. ಪಕ್ಕಕ್ಕೆ 35 ಡಿಗ್ರಿ ಹೋದರೆ ಬರೀ 10 ಮೈಲಿ. ಎಷ್ಟು ಎತ್ತರದಲ್ಲಿರಬೇಕು ಅಂತ ತೋರಿಸುವ ಗ್ಲೈಡ್‌ಸ್ಲೋಪ್‌ಗೂ 10. ನಿಜದಲ್ಲಿ ಅದರಾಚೆಯೂ ಸಿಗ್ನಲ್ ಇರಬಹುದು, ನಂಬುವ ಹಾಗಿಲ್ಲ ಅಷ್ಟೆ. ಸಿಮ್ಯುಲೇಟರ್ ಮಾತ್ರ ಅಲ್ಲಿಗೇ ಕತ್ತರಿ ಹಾಕಿಬಿಡುತ್ತದೆ.

ಮೊದಲ ದಾರಿ, ಫೈಲ್ ತಿದ್ದುವುದು. ನನ್ನ ಸಿಮ್ಯುಲೇಟರ್ ಎಕ್ಸ್-ಪ್ಲೇನ್‌ನ ನ್ಯಾವ್ ಡೇಟಾ (ಇಂಥ ರೇಡಿಯೋ ಕೇಂದ್ರಗಳ ಪಟ್ಟಿ) ಮಾಮೂಲಿ ಟೆಕ್ಸ್ಟ್ ಫೈಲ್. 4ರಿಂದ ಶುರುವಾಗುವ ಸಾಲು ಐಎಲ್‌ಎಸ್‌ನ ಲೋಕಲೈಸರ್, 6ರದ್ದು ಗ್ಲೈಡ್‌ಸ್ಲೋಪ್. 110.30 ಅನ್ನುವ ಫ್ರೀಕ್ವೆನ್ಸಿ ಅಲ್ಲಿ 11030 ಅಂತ ಇರುತ್ತದೆ, ಅದರ ಪಕ್ಕದ ಅಂಕಿಯೇ ರೇಂಜ್. ಎರಡೂ ಸಾಲಿನಲ್ಲಿ 40 ಮಾಡಿದೆ. ಮುಳ್ಳು ಬಂತು, ಖುಷಿಯೂ ಆಯಿತು, ಆದರೆ ಉಪಯೋಗ? 25 ಮೈಲಿ ದೂರದಲ್ಲಿ ಗ್ಲೈಡ್‌ಸ್ಲೋಪ್‌ನ 3 ಡಿಗ್ರಿಯ ಇಳಿಜಾರು ಗೆರೆ ಸುಮಾರು 8,000 ಅಡಿ ಎತ್ತರದಲ್ಲಿರುತ್ತದೆ. ನಾನು 4,000 ಅಡಿಯಲ್ಲಿ ಹಾರುತ್ತಿದ್ದರೆ ಗ್ಲೈಡ್‌ಸ್ಲೋಪ್ ಮುಳ್ಳು ಮೇಲೆ ಅಂಟಿಕೊಂಡೇ ಇರುತ್ತದೆ, ಅಲ್ವಾ. ಲೋಕಲೈಸರ್ ಕೂಡ ಬೀಸಣಿಗೆ ತರಹ ಅಗಲವಾಗುತ್ತಾ ಹೋಗುವುದರಿಂದ, ಅಷ್ಟು ದೂರದಲ್ಲಿ ಮುಳ್ಳು ಸ್ವಲ್ಪವೇ ಸರಿದಿದ್ದರೂ ನಾವು ಗೆರೆಯಿಂದ ಬಹಳ ಆಚೆ ಇರುತ್ತೇವೆ. ಸಾಲದ್ದಕ್ಕೆ 28 ದಿನಕ್ಕೊಮ್ಮೆ ಬರುವ ಹೊಸ ಏರಾಕ್ ಡೇಟಾ (ಈ ಪಟ್ಟಿಯ ಅಪ್‌ಡೇಟ್) ಹಾಕಿದಾಗ ನನ್ನ ತಿದ್ದುಪಡಿ ಎಲ್ಲ ಮಾಯ.

ಎರಡನೆಯದು ಆರಾಮದ್ದು. ದೂರದಿಂದ ಜಿಪಿಎಸ್ ಗೆರೆ ಹಿಡಿದು ಬಂದು, ಹತ್ತಿರವಾದಾಗ ಸಿಡಿಐ ಬಟನ್ (ಮುಳ್ಳು ಯಾವ ಗೆರೆ ತೋರಿಸಬೇಕು ಅಂತ ಬದಲಿಸುವುದು) ಒತ್ತಿ ಲೋಕಲೈಸರ್‌ಗೆ ಬದಲಾಯಿಸುವುದು. ಕಾಕ್‌ಪಿಟ್‌ನ ಗಾರ್ಮಿನ್ ಜಿ1000 ಪರದೆಯಲ್ಲಿ ನೇರಳೆ ಗೆರೆ ಹಸಿರಾಗಬೇಕು. ಒಂದು ಸಲ ಬಟನ್ ಮರೆತೆ. ಆಟೋಪೈಲಟ್ ಅಪ್ರೋಚ್ ಮೋಡ್‌ನಲ್ಲೇ ಇತ್ತು, ವಿಮಾನ ಜಿಪಿಎಸ್ ಗೆರೆಯಲ್ಲೇ ನೇರವಾಗಿ ರನ್‌ವೇ ಮೇಲೆಯೇ ಹೋಯಿತು, ಗ್ಲೈಡ್‌ಸ್ಲೋಪ್ ಹಿಡಿಯಲೇ ಇಲ್ಲ, ಆದರೆ 3,000 ಅಡಿ ಎತ್ತರದಲ್ಲಿ! ಕೆಳಗೆ ರನ್‌ವೇ ದೀಪಗಳು ಹಿಂದೆ ಸರಿಯುವುದನ್ನು ನೋಡುತ್ತಾ ಕೂತಿದ್ದೆ.

ಮೂರನೆಯದೇ ನನಗೆ ಹಿಡಿಸಿದ್ದು. ಫೈಲ್ ಮುಟ್ಟಬೇಡಿ. ಆಟೋಪೈಲಟ್‌ನ ಹೆಡಿಂಗ್ ಮೋಡ್‌ನಲ್ಲಿ (ಕೊಟ್ಟ ದಿಕ್ಕಿಗೆ ಹಾರುವುದು) ಬಂದು, ದೂರ ತೋರಿಸುವ ಡಿಎಂಇ 13–14 ಮೈಲಿ ತೋರಿಸುವಾಗ 30 ಡಿಗ್ರಿ ಓರೆಯಾಗಿ ಲೋಕಲೈಸರ್ ಹಿಡಿಯಿರಿ. ಎತ್ತರ ರನ್‌ವೇಯಿಂದ 3,000 ಅಡಿ ಇರಲಿ. ಪ್ರತಿ ಮೈಲಿಗೆ ಸುಮಾರು 318 ಅಡಿ ಲೆಕ್ಕ ಹಾಕಿದರೆ ಗ್ಲೈಡ್‌ಸ್ಲೋಪ್ ಸಿಗುವುದು ಒಂಬತ್ತೂವರೆ ಮೈಲಿ ಹತ್ತಿರ, ಅಂದರೆ ಆ 10 ಮೈಲಿಯೊಳಗೇ. ಮೇಲಿದ್ದ ಮುಳ್ಳು ತಾನಾಗಿ ಮೆಲ್ಲಗೆ ಕೆಳಗಿಳಿಯುತ್ತಾ ನಡುವಿಗೆ ಬರುತ್ತದೆ. ಮೊದಮೊದಲು ಕೈ ಜಾಸ್ತಿ ಓಡಿಸಬೇಕಾಗುತ್ತದೆ, ನಾಲ್ಕೈದು ಸಲ ಲೋಕಲೈಸರ್ ದಾಟಿಯೇ ಹೋಗಿದ್ದೇನೆ. ಉದ್ದದ ಹಾರಾಟ ಮುಗಿಸಿ ಸುಸ್ತಾಗಿದ್ದರೆ ಈಗಲೂ ಜಿಪಿಎಸ್ ದಾರಿಯೇ.

ಹೀಗೆ ಬಂದೂ 12 ಮೈಲಿಯಲ್ಲಿ ಫ್ಲ್ಯಾಗ್ ಹೋಗಲಿಲ್ಲ ಅಂದರೆ ರೇಂಜ್ ಬಿಟ್ಟು ಫ್ರೀಕ್ವೆನ್ಸಿ ನೋಡಿ. ಫ್ಲ್ಯಾಗ್ ಹೋಗಿಯೂ ಮುಳ್ಳು ಉಲ್ಟಾ ಓಡುತ್ತಿದ್ದರೆ ಆ ಐಎಲ್‌ಎಸ್ ಯಾವುದು ಅಂತ ಹೇಳುವ ಮೋರ್ಸ್ ಗುರುತು ಕೇಳಿ. ರನ್‌ವೇಯ ಎರಡೂ ತುದಿಗೆ ಒಂದೇ ಫ್ರೀಕ್ವೆನ್ಸಿ ಇರುವ ಕಡೆ ಎದುರು ತುದಿಯದ್ದು ಸಿಕ್ಕಿರಬಹುದು.