ಯುವರ್ಸ್ ಫೇತ್‌ಫುಲಿಯೋ, ಸಿನ್ಸಿಯರ್ಲಿಯೋ, ರಿಗಾರ್ಡ್ಸೋ?

ಇಂಗ್ಲಿಷ್ ಪತ್ರದ ಕೊನೆಗೆ ಏನು ಹಾಕಲಿ ಅಂತ ಕೇಳಿದ್ದೀರಿ. ಮೊದಲು ಪತ್ರದ ಆರಂಭ ನೋಡಿ, ಉತ್ತರ ಅಲ್ಲೇ ಇರುತ್ತದೆ.

ಬ್ರಿಟಿಷ್ ರೂಢಿಯಲ್ಲಿ, ಹೆಸರಿಲ್ಲದೆ 'ಡಿಯರ್ ಸರ್' ಎಂದು ಶುರು ಮಾಡಿದರೆ ಕೊನೆಗೆ 'ಯುವರ್ಸ್ ಫೇತ್‌ಫುಲಿ'. 'ಡಿಯರ್ ಮಿಸ್ಟರ್ ರಾವ್' ಅಂತ ಹೆಸರು ಹಿಡಿದು ಬರೆದರೆ 'ಯುವರ್ಸ್ ಸಿನ್ಸಿಯರ್ಲಿ'. ನಮ್ಮಲ್ಲೂ ಇದೇ ಪಾಠ. ಹಾಗಾಗಿ ಬ್ಯಾಂಕ್ ಮ್ಯಾನೇಜರ್‌ಗೆ ಬರೆಯುವ ಅರ್ಜಿಗೆ ಫೇತ್‌ಫುಲಿ ಚೆನ್ನಾಗಿ ಒಗ್ಗುತ್ತದೆ. ಅಮೆರಿಕದಲ್ಲಿ ಮಾತ್ರ ಅದನ್ನು ಬಳಸುವವರು ತೀರಾ ಕಡಿಮೆ. ಅಲ್ಲಿನ ಯೂನಿವರ್ಸಿಟಿಗೆ ಬರೆಯುವಾಗ ಹೆಸರು ಇರಲಿ, ಇಲ್ಲದಿರಲಿ, ಬರೀ 'ಸಿನ್ಸಿಯರ್ಲಿ' ಸಾಕು.

ಈ ಲೆಕ್ಕಾಚಾರವೇ ಬೇಡ ಅಂದ್ರೆ 'ರಿಗಾರ್ಡ್ಸ್' ಇದೆಯಲ್ಲ. ದಿನಾ ಓಡಾಡುವ ಈಮೇಲ್‌ಗೆ ಅದೇ ಸರಿ. ರಾಜೀನಾಮೆ ಪತ್ರಕ್ಕೆ ಯಾಕೋ ಸ್ವಲ್ಪ ಹಗುರ ಆಯ್ತು ಅನ್ನಿಸುತ್ತದೆ ನನಗೆ.

ಬರೆಯುವ ಸುಲಭದಲ್ಲೂ ರಿಗಾರ್ಡ್ಸೇ ಮುಂದು. ಫೇತ್‌ಫುಲಿಗೆ ಎರಡು 'ಎಲ್' ಬೇಕು. ಸಿನ್ಸಿಯರ್ಲಿಯಲ್ಲಿ 'ಆರ್' ಆದಮೇಲಿನ 'ಇ' ಹಾಕೋದು ಮರೆತೇ ಹೋಗುತ್ತದೆ. ಎರಡನೇ ಪದ ಸಣ್ಣಕ್ಷರದಲ್ಲೇ ಶುರುವಾಗಬೇಕು. 'ಯುವರ್ಸ್'ನ 'ಎಸ್' ಮುಂಚೆ ಅಪಾಸ್ಟ್ರಫಿ ಬೇಡವೇ ಬೇಡ. ಕಾಲೇಜು ಮುಗಿಯುವವರೆಗೂ ನಾನು ಹಾಕುತ್ತಲೇ ಇದ್ದೆ.