ಹಳೆ ಖರೀದಿಪತ್ರದ ನಕಲು: ಕಲಬುರಗಿ ಕಡೆಯ ನೋಂದಣಿ ಸೇವೆ ಹೇಗಿದೆ?

ಬ್ರಿಟಿಷರು ಮಾಡಿದ 1908ರ ನೋಂದಣಿ ಕಾಯ್ದೆಯೇ ಇಂದಿಗೂ ಈ ಸೇವೆಯ ಬುನಾದಿ. ಅದರ 57ನೇ ಕಲಮಿನಂತೆ ಸ್ಥಿರಾಸ್ತಿಯ ಪತ್ರಗಳನ್ನು ದಾಖಲಿಸುವ 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ವಿಲ್ ಹಾಗಲ್ಲ, ಬರೆದವರು ಬದುಕಿರುವ ತನಕ ಹೊರಗಿನವರಿಗೆ ನಕಲು ಇಲ್ಲ.

2004ರ ಏಪ್ರಿಲ್‌ನಿಂದೀಚಿನ ಋಣಭಾರ ಪತ್ರ (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ, ಇಸಿ) ನೋಂದಣಿ ಇಲಾಖೆಯ ಆನ್‌ಲೈನ್ ಕಾವೇರಿ ತಂತ್ರಾಂಶದಲ್ಲೇ ಸಿಗುತ್ತದೆ. ವ್ಯವಹಾರವಿದ್ದರೆ ಆ ಪತ್ರ ನಮೂನೆ 15ರಲ್ಲಿ, ಇಲ್ಲದಿದ್ದರೆ 16ರಲ್ಲಿ ಬರುತ್ತದೆ. ಇಲ್ಲಿಯವರೆಗೆ ಸಲೀಸು.

ತಲೆನೋವು ನಿಜಾಮರ ಕಾಲದ ಕಾಗದಗಳದ್ದು. ಬರಹ ಉರ್ದು, ಇಸವಿ ಫಸಲಿ, ಅಂದರೆ ಆಗಿನ ಕಂದಾಯ ಲೆಕ್ಕದ ವರ್ಷ. 1357 ಎಂದಿದ್ದರೆ 590 ಕೂಡಿಸಿ, 1947-48 ಆಗುತ್ತದೆ. ಕೂಡಿಸದೆ ಅರ್ಜಿಗೆ ಬರೆದರೆ ಹುಡುಕಾಟವೇ ದಾರಿ ತಪ್ಪುತ್ತದೆ, ಕಟ್ಟಿದ ಶುಲ್ಕ ನೀರಿಗೆ ಹಾಕಿದ ಹಾಗೆ. ಬರೆದುಕೊಟ್ಟವರ ಹೆಸರು, ಊರು, ಸರ್ವೆ ನಂಬರ್ ಕೈಯಲ್ಲಿರಲಿ. ಉರ್ದು ಓದಬಲ್ಲವರಿಂದ ಮೊದಲೇ ಓದಿಸಿಟ್ಟುಕೊಳ್ಳಿ. ಕೌಂಟರಿನಲ್ಲಿ ಓದಿಕೊಡುತ್ತಾರೆಂದು ನೆಚ್ಚಬೇಡಿ.